ನೆಮಕ್ಕ ಓದಿದ ಬೆನ್ನು

ನನ್ನ ಬೆನ್ನನ್ನು ನಾನು ಇವತ್ತಿನವರೆಗೂ ನೆಟ್ಟಗೆ ನೋಡಿದವನಲ್ಲ. ಯಾರೂ ನೋಡಿಕೊಳ್ಳಲಾರರು ಬಿಡಿ. ಆದರೆ ಜಾವಾದ ಸೋಲೋ ಪಟ್ಟಣದ ನಮ್ಮ ಓಣಿಯಲ್ಲಿ ಅದನ್ನು ಇಪ್ಪತ್ತಾರು ವರ್ಷಗಳಿಂದ ಓದುತ್ತ ಬಂದವಳು ಒಬ್ಬಳಿದ್ದಾಳೆ. ಪೂರ್ತಿ ಹೆಸರು ಸಾದಿನೆಮ್, ಓಣಿಗೆಲ್ಲ ನೆಮಕ್ಕ. ನಾನು ಸರ್ಕಾರಿ ಶಾಲೆಯಲ್ಲಿ ಭೂಗೋಳ ಹೇಳುವ ಮುರ್ಜೊಕೊ ಮೇಷ್ಟ್ರು. ನನಗೆ ಓದಲು ಬರುವುದು ನಕ್ಷೆ ಮಾತ್ರ, ಅದೂ ಉತ್ತರ ದಿಕ್ಕು ಮೇಲಿದ್ದರೆ.

ನೆಮಕ್ಕನ ಕಸುಬು ಕೆರೊಕ್. ನಮ್ಮಲ್ಲಿ ಯಾರಿಗಾದರೂ ಗಾಳಿ ಹೊಕ್ಕಿತೆಂದರೆ, ಅಂದರೆ ಮೈ ಭಾರ, ಹೊಟ್ಟೆ ಉಬ್ಬರ, ಕತ್ತು ಬಿಗಿತ, ಹೆಂಡತಿಯ ಮೇಲೆ ಸುಮ್ಮನೆ ಸಿಡುಕು, ಇವುಗಳಲ್ಲಿ ಯಾವುದೇ ಒಂದು ಕಾಣಿಸಿತೆಂದರೆ, ಆಕೆಯನ್ನು ಕರೆಯುತ್ತೇವೆ. ಆಕೆ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿ, ಒಂದು ಹಳೆಯ ತಾಮ್ರದ ನಾಣ್ಯದ ಅಂಚಿನಿಂದ ಬೆನ್ನುಮೂಳೆಯ ಆಚೆ ಈಚೆ ಮೀನಿನ ಮುಳ್ಳಿನ ಹಾಗೆ ಗೆರೆ ಎಳೆಯುತ್ತಾಳೆ. ಗೆರೆ ಕೆಂಪಗೆ ಏಳುತ್ತದೆ. ಕೆಂಪು ಗಾಢವಾದಷ್ಟೂ ಒಳಗೆ ಹೊಕ್ಕ ಗಾಳಿ ಹೆಚ್ಚು. ಇಷ್ಟನ್ನು ಜಾವಾದಲ್ಲಿ ಹುಟ್ಟಿದ ಯಾರು ಬೇಕಾದರೂ ಹೇಳುತ್ತಾರೆ. ನೆಮಕ್ಕ ಅದರ ಮೇಲೆ ಒಂದು ಹಣ್ಣಿನಂಗಡಿಯನ್ನೇ ಕಟ್ಟಿದ್ದಾಳೆ. ಸೀಬೆಹಣ್ಣಿನ ಒಳಗಿನ ಗುಲಾಬಿ ಬಂದರೆ ಗಾಳಿಯೂ ಇಲ್ಲ ಮಣ್ಣೂ ಇಲ್ಲ, ಬರೀ ಸೋಮಾರಿತನ. ಕಲ್ಲಂಗಡಿ ಬಂದರೆ ಎರಡು ದಿನದ ಗಾಳಿ. ಡ್ರ್ಯಾಗನ್ ಹಣ್ಣಿನ ಕಡುಗೆಂಪು ಬಂದರೆ ವಾರದ ಗಾಳಿ, ಶುಂಠಿ ಕಷಾಯ ಕುಡಿದು ಮಲಗಬೇಕು. ಮ್ಯಾಂಗೋಸ್ಟೀನ್ ಸಿಪ್ಪೆಯ ಕಪ್ಪು ನೇರಳೆ ಮಾತ್ರ ಬಲು ಅಪರೂಪ. ಆಕೆಯ ಇಡೀ ಕಸುಬಿನಲ್ಲಿ ನಾಲ್ಕೇ ನಾಲ್ಕು ಬೆನ್ನುಗಳು ಅಲ್ಲಿಗೆ ಮುಟ್ಟಿದ್ದವಂತೆ.

ಒಂದು ಬೆನ್ನಿನ ಮೇಲೆ ಕೇಳಿದ ಸುದ್ದಿಯನ್ನು ಆಕೆ ಇನ್ನೊಂದು ಬೆನ್ನಿಗೆ ದಾಟಿಸುವುದಿಲ್ಲ. ಆದರೆ ಬಣ್ಣ ಕೇಳಿದರೆ ಮುಚ್ಚುಮರೆಯಿಲ್ಲ. ಹೀಗಾಗಿ ನನ್ನದು ವರ್ಷದುದ್ದಕ್ಕೂ ಸೀಬೆ ಎಂಬುದು ಓಣಿಗೆಲ್ಲ ಗೊತ್ತಿತ್ತು.

ಬೊಯೊಲಾಲಿಯ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಆಕೆ ಬಾಟಿಕ್ ವ್ಯಾಪಾರಿಯೊಬ್ಬರ ಮನೆಗೆಲಸಕ್ಕೆ ಬಂದಳು. ಆ ಮನೆಯೊಡತಿಯ ಬೆನ್ನು ಗದ್ದೆಯಷ್ಟು ಅಗಲವಿತ್ತಂತೆ. ಉಳುಮೆ ಕಲಿತದ್ದು ಅಲ್ಲೇ ಎನ್ನುತ್ತಾಳೆ. ನಾಣ್ಯ ಮಾತ್ರ ತಾಯಿಯದು, ಡಚ್ಚರ ಕಾಲದ್ದು. ಮೇಲಿನ ಮುದ್ರೆ ಸವೆದು ಸವೆದು ಈಗ ಅದು ಯಾವ ರಾಣಿಗೂ ಸೇರಿದ್ದಲ್ಲ. ಮೂರನೇ ತರಗತಿಗೇ ಶಾಲೆಗೆ ನಮಸ್ಕಾರ ಹಾಕಿದವಳು. ಗಂಡ ಸೈಕಲ್ ಗಾಡಿ ತುಳಿಯುತ್ತಿದ್ದ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಎದ್ದವನು ಎದೆ ಹಿಡಿದುಕೊಂಡು ಕೂತ, ಸಂಜೆಗೆ ಇರಲಿಲ್ಲ. ‘ಕೂತ ಗಾಳಿ’ ಎಂದರು ಎಲ್ಲರೂ. ಹೊಕ್ಕ ಗಾಳಿ ಹೊರಗೆ ಹೋಗದೆ ಎದೆಯಲ್ಲೇ ಕೂತುಬಿಟ್ಟರೆ ಹಾಗೆ ಕರೆಯುವುದು ವಾಡಿಕೆ. ನೆಮಕ್ಕ ಆ ಮಾತನ್ನು ಎಂದೂ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಇನ್ನು ನನ್ನ ಕಥೆ. ಒಂದು ಸೋಮವಾರ ಶಾಲೆಯಲ್ಲಿ ಧ್ವಜವಂದನೆ ಮುಗಿಯುತ್ತಿದ್ದ ಹಾಗೆ ಯಾರೋ ಎದೆಯ ಮೇಲೆ ಅಕ್ಕಿ ಮೂಟೆ ಇಳಿಸಿದಂತಾಯಿತು. ಎಡದವಡೆ ಸೆಳೆಯಿತು. ಅಂಗಿ ತೊಯ್ಯುವಷ್ಟು ತಣ್ಣನೆಯ ಬೆವರು. ನಾನು ನಿಂತ ನಿಲುವಿನಲ್ಲೇ ರೋಗ ಪತ್ತೆ ಮಾಡಿದೆ: ಗಾಳಿ. ಹಿಂದಿನ ಸಂಜೆ ಜಾಕೆಟ್ ಇಲ್ಲದೆ ಬೈಕಿನಲ್ಲಿ ಸುತ್ತಿದ್ದೆ. ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಮಾನ್ಸೂನ್ ಗಾಳಿ, ಕಡಲ ಗಾಳಿ, ಕಣಿವೆ ಗಾಳಿ ಎಲ್ಲವನ್ನೂ ಬಾಣದ ಗುರುತು ಹಾಕಿ ತೋರಿಸಿದವನು ನಾನು. ಗಾಳಿಯ ವಿಷಯದಲ್ಲಿ ಇನ್ನೊಬ್ಬರ ಸಲಹೆ ಬೇಕಿರಲಿಲ್ಲ. ಅದೇ ಬೈಕನ್ನು ನಾನೇ ಓಡಿಸಿಕೊಂಡು ಮನೆಗೆ ಬಂದೆ ಎಂದು ಹೇಳಿದರೆ ನನ್ನ ಬುದ್ಧಿಯ ಆಳ ತಿಳಿದೀತು.

ಹೆಂಡತಿ ವಿನಾರ್ಸಿ ಬಿಸಿ ಶುಂಠಿ ನೀರು ಕುಡಿಸಿ ನೆಮಕ್ಕನನ್ನು ಕರೆತಂದಳು. ನಾನು ಚಾಪೆಯ ಮೇಲೆ ಬೋರಲು ಮಲಗಿದೆ. ಎಣ್ಣೆ ಬಿತ್ತು. ಒಂದು ಗೆರೆ ಎಳೆದಳು, ಎರಡು, ಮೂರು. ಬಲಗಡೆ ಮೂರಾದ ಮೇಲೆ ಕೈ ನಿಂತಿತು. ಅಂಗೈಯನ್ನು ನನ್ನ ಬೆನ್ನಿಗೆ ಏನನ್ನೋ ಕೇಳಿಸಿಕೊಳ್ಳುತ್ತಿರುವವಳ ಹಾಗೆ ಒತ್ತಿ ಹಿಡಿದಳು.

“ವಿನಾರ್ಸಿ, ಗೆರೆ ಏಳ್ತಿಲ್ಲ. ಬೆವರು ಮೀನಿನ ಹಾಗೆ ತಣ್ಣಗಿದೆ. ಇದು ನನ್ನ ಕೆಲಸ ಅಲ್ಲ, ಆಸ್ಪತ್ರೇದು. ಈಗ್ಲೇ ಹೊರಡಿಸು.”

ಎಡಗಡೆ ಇನ್ನೂ ಬಾಕಿ ಇದೆ, ಅದನ್ನೂ ಮುಗಿಸಿಬಿಡು, ಅರ್ಧ ಬೆನ್ನು ಇಟ್ಟುಕೊಂಡು ಹೋಗುವುದು ಸರಿಯಲ್ಲ ಎಂದು ನಾನು ವಾದಿಸಿದೆನಂತೆ. ನನಗೆ ನೆನಪಿಲ್ಲ, ವಿನಾರ್ಸಿಗೆ ಚೆನ್ನಾಗಿ ನೆನಪಿದೆ. ಪಕ್ಕದ ಮನೆಯವರ ಹಪ್ಪಳ ಸಾಗಿಸುವ ವ್ಯಾನಿನಲ್ಲಿ, ಹಪ್ಪಳದ ಚೀಲಗಳಿಗೆ ಒರಗಿಸಿ ನನ್ನನ್ನು ಸಾಗಿಸಿದರು. ಮುಂದಿನ ಒಂದು ಗಂಟೆಯೊಳಗೆ ಆಸ್ಪತ್ರೆಯವರು, ಹೃದಯಕ್ಕೆ ರಕ್ತ ಒಯ್ಯುವ ಕೊಳವೆಯೊಂದು ಹೆಪ್ಪುಗಟ್ಟಿ ಮುಚ್ಚಿಹೋಗಿದೆಯೆಂದು ಹೇಳಿ, ಅದರೊಳಗೆ ತಂತಿಯ ಸಣ್ಣ ಬಲೆಯೊಂದನ್ನು ಕೂರಿಸಿ ಬಾಯಿ ಬಿಡಿಸಿದರು. ನಮ್ಮ ಕಡೆ ಅದಕ್ಕೆ ‘ರಿಂಗ್ ಹಾಕಿಸಿಕೊಳ್ಳುವುದು’ ಎನ್ನುತ್ತೇವೆ.

ಮನೆಗೆ ಕಳಿಸುವಾಗ ಹೃದಯದ ಡಾಕ್ಟರ್ ಲಾರಾಸತಿ ಎರಡು ಮಾತ್ರೆ ತೋರಿಸಿದರು. ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರ ಸರೀಕರು. ಒಂದು ಬಿಳಿ, ಆಸ್ಪಿರಿನ್, ಇನ್ನೊಂದು ಗುಲಾಬಿ. ಒಂದು ವರ್ಷ ಎರಡನ್ನೂ ದಿನಾ ನುಂಗಬೇಕು. ಒಂದು ಸಾಲದೇ ಎಂದು ವಿನಾರ್ಸಿ ಕೇಳಿದಳು. ಡಾಕ್ಟರು ನಗುತ್ತ ನಮ್ಮ ಓಣಿಯನ್ನೇ ಉದಾಹರಣೆಗೆ ತೆಗೆದುಕೊಂಡರು. ಡೆಂಗಿ ಬಂದಾಗ ಕಮ್ಮಿಯಾಯಿತು ಎಂದು ಹೆದರುತ್ತೀರಲ್ಲ, ಆ ಪ್ಲೇಟ್‌ಲೆಟ್‌ಗಳು ರಕ್ತದ ಕಾವಲುಗಾರರು. ಎಲ್ಲಿಯಾದರೂ ಗಾಯ ಕಂಡರೆ ಒಬ್ಬ ಕೂಗುತ್ತಾನೆ, ಉಳಿದವರು ಓಡಿಬಂದು ಒಬ್ಬರಿಗೊಬ್ಬರು ಅಂಟಿಕೊಂಡು ತೂತು ಮುಚ್ಚುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಹೊಸ ತಂತಿಬಲೆಯನ್ನು ಕಂಡರೂ ಅವರು ಗಾಯವೆಂದೇ ತಿಳಿದು ಮುತ್ತಿಕೊಳ್ಳುತ್ತಾರೆ. ಆಗ ರಿಂಗೇ ಮುಚ್ಚಿಹೋಗುತ್ತದೆ. ಅವರು ಕೂಗುವುದಕ್ಕೆ ಎರಡು ದಾರಿ. ನಿಮ್ಮ ಕಾವಲು ಚಾವಡಿಯಲ್ಲಿ ಟೊಳ್ಳು ಮರದ ಡೋಲು ಇದೆಯಲ್ಲ, ಅದು ಒಂದು. ಓಣಿಯ ವಾಟ್ಸಾಪ್ ಗುಂಪು ಇನ್ನೊಂದು. ಬಿಳಿ ಮಾತ್ರೆ ಡೋಲಿನ ಕೋಲು ಕಿತ್ತುಕೊಳ್ಳುತ್ತದೆ. ಗುಲಾಬಿ ಮಾತ್ರೆ ಫೋನು ಆಫ್ ಮಾಡುತ್ತದೆ. ಒಂದನ್ನೇ ನಿಲ್ಲಿಸಿದರೆ ಇನ್ನೊಂದರಲ್ಲಿ ಸುದ್ದಿ ಹರಡುತ್ತದೆ. ರಿಂಗಿನ ಮೇಲೆ ಮೈಯದೇ ಒಳಪದರ ಬೆಳೆದು ಮುಚ್ಚುವ ತನಕ ಎರಡೂ ಬಂದ್ ಆಗಿರಬೇಕು.

“ಸರ್, ನನ್ನನ್ನ ಕೇಳದೆ ಯಾವುದನ್ನೂ ಬಿಡಬೇಡಿ. ಬಿಟ್ರೆ ರಿಂಗ್ ಮುಚ್ಚಿಹೋಗಬಹುದು, ಆಗ ಆಸ್ಪತ್ರೆ ತಲುಪೋಷ್ಟು ಟೈಮ್ ಸಿಗುತ್ತೋ ಇಲ್ವೋ. ಎರಡೂ ಸೇರಿದಾಗ ಸಣ್ಣ ಪೆಟ್ಟಿಗೂ ರಕ್ತ ಜಾಸ್ತಿ ಹೋಗುತ್ತೆ, ಅದಕ್ಕೆ ಕೆರೊಕ್ ಕೂಡ ಬೇಡ.”

ನಾನು ಹೂಂ ಎಂದೆ. ನಮ್ಮಲ್ಲಿ ದೊಡ್ಡವರ ಮುಂದೆ, ಡಾಕ್ಟರರ ಮುಂದೆ ಹೂಂ ಎನ್ನುವುದು ಮರ್ಯಾದೆ. ಅದು ಒಪ್ಪಿಗೆ ಎಂದು ತಿಳಿಯುವವರು ಜಾವಾಕ್ಕೆ ಹೊಸಬರಿರಬೇಕು. ಡಾಕ್ಟರು ಸುರಬಾಯಾದ ಕಡೆಯವರು. ಅಲ್ಲಿ ಜನ ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತಾರಂತೆ.

ಎರಡು ತಿಂಗಳು ನಾನು ಎಷ್ಟು ವಿಧೇಯನಾಗಿದ್ದೆನೆಂದರೆ ವಿನಾರ್ಸಿಗೇ ಭಯವಾಗಿತ್ತು. ಮೂರನೆಯ ತಿಂಗಳು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿ ತಿದ್ದಿ ಕತ್ತು ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಹೆಂಡತಿ ಮಾರುಕಟ್ಟೆಗೆ ಹೋದ ಸಮಯ ನೋಡಿ ನೆಮಕ್ಕನ ಮನೆಗೆ ನುಗ್ಗಿದೆ. ಡಾಕ್ಟರಿಗೆ ಅಡ್ಡಿಯಿಲ್ಲವೇ ಎಂದು ಆಕೆ ಕೇಳಿದಳು. ಅಡ್ಡಿಯಿಲ್ಲ ಎಂದೆ. ಭೂಗೋಳದಲ್ಲಿ ಇಷ್ಟು ಸಲೀಸಾಗಿ ನಾನೆಂದೂ ಉತ್ತರ ಹೇಳಿದ್ದಿಲ್ಲ.

ನಾಲ್ಕು ಗೆರೆ ಎಳೆದಳು. ಹಗುರವಾಗಿ, ಬೆಕ್ಕು ಕೂತ ಚಾಪೆಯನ್ನು ಎಳೆಯುವ ಹಾಗೆ. ಆಮೇಲೆ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು. ಏನು ಬಣ್ಣ ಎಂದು ಕೇಳಿದೆ.

“ಮ್ಯಾಂಗೋಸ್ಟೀನು. ನಾನು ಒತ್ತಲೇ ಇಲ್ಲ ಮೇಷ್ಟ್ರೇ. ಇವತ್ತಿಗೆ ಸಾಕು, ಏಳಿ.”

ಸೀಬೆಯಿಂದ ಒಂದೇ ನೆಗೆತಕ್ಕೆ ಮ್ಯಾಂಗೋಸ್ಟೀನ್. ಇಡೀ ಕಸುಬಿನಲ್ಲಿ ಐದನೆಯ ಬೆನ್ನು. ಆ ಸಂಜೆ ಕಾವಲು ಚಾವಡಿಯಲ್ಲಿ ಚದುರಂಗ ಆಡುತ್ತಿದ್ದವರ ಮುಂದೆ ಸೆಖೆಯ ನೆಪ ಮಾಡಿ ಅಂಗಿ ಕಳಚಿದೆ. ನಿವೃತ್ತ ಸ್ಟೇಷನ್ ಮಾಸ್ಟರ್ ಸುಂಬೊಗೊ ಕನ್ನಡಕ ಏರಿಸಿಕೊಂಡು ಬೆನ್ನಿನ ಹತ್ತಿರ ಬಂದು ನೋಡಿ, ಇಂಥ ಗಾಳಿ ತಮ್ಮ ಕಾಲದಲ್ಲಿ ಉಗಿ ಎಂಜಿನ್ನಿನಲ್ಲೂ ಇರಲಿಲ್ಲ ಎಂದರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಹೆಮ್ಮೆ ಇಳಿದ ಮೇಲೆ ಯೋಚನೆ ಹತ್ತಿತು. ಇಷ್ಟು ಗಾಳಿ ಎಲ್ಲಿಂದ ಬಂತು? ಮೊದಲು ಇರಲಿಲ್ಲ. ಹೊಸದಾಗಿ ಬಂದದ್ದು ಏನು? ಬಿಳಿ ಮಾತ್ರೆ ನನ್ನ ಅಪ್ಪನೂ ನುಂಗುತ್ತಿದ್ದರು, ಅವರ ಬೆನ್ನು ಹೀಗಾಗಿದ್ದನ್ನು ಕಂಡಿರಲಿಲ್ಲ. ಉಳಿದದ್ದು ಗುಲಾಬಿ. ಅದೇ ಗಾಳಿಯನ್ನು ಒಳಗೆ ಬಿಡುತ್ತಿದೆ. ಶಿಕ್ಷಕನಾಗಿ ಜನ್ಮವಿಡೀ ಮಕ್ಕಳಿಗೆ ‘ಕಾರಣ ಹುಡುಕಿ’ ಎಂದು ಬರೆಸಿದ ಪಾಪ ಹೀಗೆ ತಿರುಗಿ ಬರುತ್ತದೆ. ಮರುದಿನದಿಂದ ಗುಲಾಬಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಕ್ರೋಟನ್ ಕುಂಡದಲ್ಲಿ ಹೂತುಬಿಡತೊಡಗಿದೆ. ಕ್ರೋಟನ್ ಚೆನ್ನಾಗಿಯೇ ಇತ್ತು.

ಅದೇ ಯೋಚನೆ ಎರಡು ಮನೆ ಆಚೆ ನೆಮಕ್ಕನಿಗೂ ಹತ್ತಿತ್ತು. ವ್ಯತ್ಯಾಸ ಇಷ್ಟೇ: ನಾನು ಕೂತಲ್ಲೇ ಉತ್ತರ ಕಂಡುಕೊಂಡೆ, ಆಕೆ ಹೋಗಿ ಕೇಳಿದಳು. ಬೆನ್ನು ಕೊಟ್ಟವರನ್ನೆಲ್ಲ ಏನು ಮಾತ್ರೆ ನುಂಗುತ್ತೀರಿ ಎಂದು ವಿಚಾರಿಸತೊಡಗಿದಳು. ಸೋಯಾ ಹುರಿದು ಮಾರುವ ಕಾರ್ಸಿಯದು ಮಾತ್ರೆಯಿಲ್ಲದ ಬೆನ್ನು, ಕಲ್ಲಂಗಡಿ. ಸುಂಬೊಗೊ ಅವರದು ದಿನಕ್ಕೊಂದು ಬಿಳಿ ಮಾತ್ರೆ. ಅಷ್ಟೇ ಒತ್ತಿದರೂ ಡ್ರ್ಯಾಗನ್ ಹಣ್ಣು. ಮಸೀದಿಯ ಹಿಂದಿನ ಬೀದಿಯಲ್ಲಿ ನನ್ನ ಹಾಗೇ ರಿಂಗ್ ಹಾಕಿಸಿಕೊಂಡ ಹೆಂಗಸೊಬ್ಬಳಿದ್ದಳು, ಬಿಳಿ ಗುಲಾಬಿ ಎರಡೂ ನುಂಗುವವಳು. ಆಕೆಯ ಬೆನ್ನಿಗೆ ನಾಣ್ಯ ಮುಟ್ಟಿಸಲು ನೆಮಕ್ಕ ಹೆದರಿ, ಹೆಬ್ಬೆರಳಲ್ಲಿ ಮೆಲ್ಲಗೆ ತೀಡಿದಳಂತೆ. ಅಷ್ಟಕ್ಕೇ ಮ್ಯಾಂಗೋಸ್ಟೀನ್ ನೆರಳಾಡಿತಂತೆ. ಸೊನ್ನೆ, ಒಂದು, ಎರಡು. ಬರೆದಿಟ್ಟುಕೊಳ್ಳಲು ಆಕೆಗೆ ಪುಸ್ತಕ ಬೇಕಿರಲಿಲ್ಲ.

ಇದು ಯಾವುದೂ ಆಗ ನನಗೆ ತಿಳಿದಿರಲಿಲ್ಲ. ಗುಲಾಬಿ ಬಿಟ್ಟು ಹದಿಮೂರನೆಯ ದಿನ, ಮತ್ತೊಂದು ಶುಕ್ರವಾರ, ನನ್ನ ಪ್ರಯೋಗದ ಫಲ ನೋಡಲು ಆಕೆಯ ಮನೆಗೆ ಹೋದೆ. ಆಕೆ ಬೇಡವೆಂದಳು. ನಾನು ಪಟ್ಟು ಹಿಡಿದೆ. ಒಂದೇ ಒಂದು ಗೆರೆ ಎನ್ನುವ ಕರಾರಿನ ಮೇಲೆ ಎಳೆದಳು.

ಬಣ್ಣ ಏನೆಂದು ಕೇಳಿದೆ. ಡ್ರ್ಯಾಗನ್ ಹಣ್ಣು ಎಂದಳು. ನಾನು ದಿಂಬಿನೊಳಗೆ ಮುಖವಿಟ್ಟು ಸಂತೋಷದಿಂದ, ನೋಡಿದೆಯಾ ನೆಮಕ್ಕಾ, ಗಾಳಿ ಇಳಿಯುತ್ತಿದೆ ಎಂದೆ. ನಾಣ್ಯವನ್ನು ತಟ್ಟೆಯಲ್ಲಿ ಇಟ್ಟ ಸದ್ದು ಕೇಳಿಸಿತು.

“ಎರಡರಲ್ಲಿ ಯಾವುದನ್ನ ಬಿಟ್ರಿ?”

ಯಾವುದನ್ನೂ ಬಿಟ್ಟಿಲ್ಲ ಎಂದೆ.

“ಮೇಷ್ಟ್ರೇ, ನಿಮ್ಮ ಬಾಯಿ ಆ ಕಡೆ ಇದೆ, ನನ್ನ ಮುಂದೆ ಇರೋದು ನಿಮ್ಮ ಬೆನ್ನು. ಎರಡು ನುಂಗಿದವರ ಬೆನ್ನು ಹೀಗಿರಲ್ಲ. ಇದು ಸ್ಟೇಷನ್ ಮಾಸ್ಟರ್ ಬೆನ್ನು, ಒಂದು ಮಾತ್ರೆ ಬೆನ್ನು. ಯಾವುದು?”

ಗುಲಾಬಿ, ಎಂದೆ. ಎಷ್ಟು ದಿನವಾಯಿತು ಎಂದಳು. ಹೇಳಿದೆ. ಎದ್ದು ಕೂತು ಅಂಗಿ ಹುಡುಕುತ್ತ ನನ್ನ ಗಾಳಿ ಸಿದ್ಧಾಂತವನ್ನು ವಿವರಿಸಹೊರಟೆ. ಆಕೆ ಅಂಗಿಯನ್ನು ನನ್ನ ಕೈಗೆ ಕೊಡದೆ ತನ್ನ ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

“ನಮ್ಮ ಯಜಮಾನರ ಬೆನ್ನಿಗೆ ಅರ್ಧ ಗಂಟೆ ಎಳೆದೆ. ಗೆರೆ ಏಳಲೇ ಇಲ್ಲ. ಗಾಳಿ ಗಟ್ಟಿಯಾಗಿ ಕೂತಿದೆ ಅಂತ ಇನ್ನೂ ಗಟ್ಟಿಯಾಗಿ ಎಳೆದೆ. ಅವರು ಸಾಕು ನೆಮ್ ಅಂದ್ರು, ಇನ್ನು ಸ್ವಲ್ಪ ತಡೀರಿ ಅಂದೆ. ನೀವು ಅವತ್ತು ಚಾಪೆ ಮೇಲೆ ಮಲಗಿದ್ದಾಗ ಅದೇ ಬೆನ್ನು ಮೇಷ್ಟ್ರೇ. ಅದಕ್ಕೇ ಮೂರಕ್ಕೇ ನಿಲ್ಲಿಸಿದೆ. ನಿಲ್ಲಿಸಿದ್ದು ದಂಡ ಮಾಡಬೇಡಿ.”

ಹದಿಮೂರು ದಿನ ಎಂಬ ಸಂಖ್ಯೆ ಆ ತನಕ ನನಗೆ ಪ್ರಯೋಗದ ಅವಧಿಯಾಗಿ ಕಂಡಿತ್ತು. ಈಗ ಅಷ್ಟೂ ದಿನ ಓಣಿಯ ಫೋನುಗಳೆಲ್ಲ ಆನ್ ಆಗಿದ್ದು, ನನ್ನ ಎದೆಯ ತಂತಿಬಲೆಯ ಸುತ್ತ ಜನ ಸೇರುತ್ತಿರುವ ಹಾಗೆ ಅನ್ನಿಸಿ ಎದೆ ಮುಟ್ಟಿ ನೋಡಿಕೊಂಡೆ.

ವಿನಾರ್ಸಿಗೆ ಹೇಳಬೇಡ ಎಂದು ಬೇಡಿದೆ. ನೀವು ಇವತ್ತೇ ಡಾಕ್ಟರಿಗೆ ಹೇಳಿದರೆ ನಾನು ಆಕೆಗೆ ಹೇಳುವುದಿಲ್ಲ ಎಂದಳು. ಡಾಕ್ಟರು ಸಂಜೆ ನಾಲ್ಕಕ್ಕೆ ತಮ್ಮ ಮನೆಯ ಮುಂಭಾಗದಲ್ಲೇ ರೋಗಿಗಳನ್ನು ನೋಡುತ್ತಿದ್ದರು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಾವು ಬೆಂಚಿನ ಮೇಲಿದ್ದೆವು. ನೆಮಕ್ಕ ಹೊರಗೆ ಹೋಗುವ ಒಳ್ಳೆಯ ಕೆಬಾಯಾ ಕುಪ್ಪಸ ತೊಟ್ಟಿದ್ದಳು. ಸೆರಗಿನ ತುದಿಯಲ್ಲಿ ನಾಣ್ಯ ಗಂಟು ಹಾಕಿತ್ತು.

ವಿಷಯ ಕೇಳಿದ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಲಗಿಸಿ, ತಂತಿಗಳನ್ನು ಅಂಟಿಸಿ, ಇಸಿಜಿ ಕಾಗದವನ್ನು ಉದ್ದಕ್ಕೂ ಓದಿದರು. ಆ ಕಾಗದ ಹೊರಬರುವಷ್ಟು ಹೊತ್ತು ನಾನು ಚಾವಣಿಯ ಹಲ್ಲಿಯನ್ನು ನೋಡುತ್ತಿದ್ದೆ. ನನ್ನ ಪುಣ್ಯ, ಅದರಲ್ಲಿ ಹೊಸದೇನೂ ಇರಲಿಲ್ಲ. ಅಲ್ಲೇ ನಾಲ್ಕು ಗುಲಾಬಿ ಮಾತ್ರೆಗಳನ್ನು ಒಟ್ಟಿಗೆ ನುಂಗಿಸಿ, ಬಾಯಿ ತೆರೆಸಿ ನಾಲಿಗೆಯಡಿ ನೋಡಿದರು. ಕ್ರೋಟನ್ ಕುಂಡದ ಸುದ್ದಿ ಆಗಲೇ ಹೊರಬಿದ್ದಿತ್ತು.

ಆಮೇಲೆ, ಮಾತ್ರೆ ಬಿಟ್ಟದ್ದು ನಿಮಗೆ ಹೇಗೆ ತಿಳಿಯಿತು ಎಂದು ಅವರು ನೆಮಕ್ಕನನ್ನು ಕೇಳಿದರು. ಆಕೆ ಸೊನ್ನೆ, ಒಂದು, ಎರಡರ ಲೆಕ್ಕವನ್ನು ಹಣ್ಣಿನ ಹೆಸರುಗಳ ಸಮೇತ ಒಪ್ಪಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ನಾಣ್ಯ ನೋಡಬಹುದೇ ಎಂದರು. ಅಂಚನ್ನು ತಮ್ಮ ಮುಂಗೈಗೆ ಒಮ್ಮೆ ಒತ್ತಿ ನೋಡಿ ವಾಪಸು ಕೊಟ್ಟರು. ಗುಲಾಬಿಯ ಪ್ರಭಾವ ಹೋಗಲು ಒಂದು ವಾರ ಬೇಕಾಗುತ್ತದೆ, ಅದಕ್ಕೇ ಹದಿಮೂರನೆಯ ದಿನ ಬೆನ್ನು ಬದಲಾಗಿತ್ತು, ನಿಮ್ಮ ಲೆಕ್ಕ ಸರಿ ಎಂದರು. ಆದರೆ ಎರಡು ಮಾತ್ರೆಯವರ ಮೇಲೆ ಇನ್ನು ಆ ಪರೀಕ್ಷೆ ಮಾಡಬೇಡಿ ಎಂದೂ ಹೇಳಿದರು.

ನೆಮಕ್ಕ ಹೂಂ ಎನ್ನಲಿಲ್ಲ. ಆಕೆಗೆ ಒಂದು ಪ್ರಶ್ನೆಯಿತ್ತು.

“ಹಾಗಾದ್ರೆ ಮೇಷ್ಟ್ರ ಬೆನ್ನಲ್ಲಿ ಎದ್ದ ಕಪ್ಪು ಗಾಳಿ ಅಲ್ಲ?”

“ಅಲ್ಲಮ್ಮ. ಚರ್ಮದ ಕೆಳಗೆ ರಕ್ತ ಒಸರಿದ್ದು. ಕಾವಲುಗಾರರು ಬರಲಿಲ್ಲ, ಅದಕ್ಕೆ ಹರಡ್ತು.”

“ಮಾತ್ರೆ ಇಲ್ಲದವರ ಕೆಂಪು?”

“ಅದೂ ರಕ್ತವೇ. ಸ್ವಲ್ಪ ಕಮ್ಮಿ.”

ನೆಮಕ್ಕ ನಾಣ್ಯವನ್ನು ಮತ್ತೆ ಸೆರಗಿನ ತುದಿಗೆ ಗಂಟು ಹಾಕಿದಳು. ನಲವತ್ತೆಂಟು ವರ್ಷದ ಹಣ್ಣಿನಂಗಡಿ ಒಂದೇ ಮಾತಿಗೆ ಬಾಗಿಲು ಹಾಕಿತೇನೋ ಎಂದು ನಾನು ಆಕೆಯ ಮುಖ ನೋಡಲು ಹೆದರಿದೆ.

“ಮತ್ತೆ ಅವರಿಗೆಲ್ಲ ಹಗುರ ಆಗೋದು ಯಾಕೆ ಡಾಕ್ಟರೇ?”

ಡಾಕ್ಟರು ಯೋಚಿಸಿದರು. “ಅದು ನನಗೆ ಸರಿಯಾಗಿ ಗೊತ್ತಿಲ್ಲ.”

ಬರುವ ದಾರಿಯುದ್ದಕ್ಕೂ ನೆಮಕ್ಕ ಬಹಳ ಗೆಲುವಾಗಿದ್ದಳು. ಗೊತ್ತಿಲ್ಲ ಎಂದ ಡಾಕ್ಟರನ್ನು ಜೀವಮಾನದಲ್ಲಿ ಮೊದಲ ಸಲ ಕಂಡದ್ದು, ಇನ್ನು ತನಗೆ ಕಾಯಿಲೆ ಬಂದರೆ ಅವರ ಹತ್ತಿರವೇ ಹೋಗುವುದು ಎಂದಳು.

ಮರುದಿನದಿಂದ ಎರಡು ಹೊಸ ಪದ್ಧತಿಗಳು ಬಂದವು. ಒಂದು, ಬೆನ್ನು ಕೊಡಲು ಬಂದವರು ಅಂಗಿ ಕಳಚುವ ಮುಂಚೆ ಮಾತ್ರೆಗಳ ಲೆಕ್ಕ ಒಪ್ಪಿಸಬೇಕು. ಎರಡು ನುಂಗುವವರಿಗೆ ನಾಣ್ಯವಿಲ್ಲ, ಎಣ್ಣೆ ಸವರಿದ ಅಂಗೈ ಅಷ್ಟೇ, ಬಣ್ಣ ಕೇಳುವಂತಿಲ್ಲ. ಎರಡನೆಯದು ನನಗೊಬ್ಬನಿಗೇ ಮೀಸಲು. ಬೆಳಿಗ್ಗೆ ಆರೂವರೆಗೆ ಮಾರುಕಟ್ಟೆಗೆ ಹೋಗುವಾಗ ಆಕೆ ನಮ್ಮ ಗೇಟಿನ ಮುಂದೆ ನಿಲ್ಲುತ್ತಿದ್ದಳು.

“ಡೋಲು?” ಎಂದು ಕೇಳುವಳು. ಡಾಕ್ಟರ ಡೋಲು, ಫೋನಿನ ಉದಾಹರಣೆಯನ್ನು ನನ್ನಿಂದಲೇ ಕೇಳಿ ತಿಳಿದುಕೊಂಡಿದ್ದಳು.

ನಾನು ಬಿಳಿ ಮಾತ್ರೆ ಎತ್ತಿ ತೋರಿಸಿ ನುಂಗಬೇಕು.

“ಫೋನು?”

ಗುಲಾಬಿ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಶಾಲೆಗೆ ಹೊರಟ ನನ್ನದೇ ವಿದ್ಯಾರ್ಥಿಗಳು ಇದನ್ನೆಲ್ಲ ನೋಡುತ್ತ ಹೋಗುತ್ತಿದ್ದರು. ಗೇಟಿನ ಬಳಿ ಏನು ಸಂಕೇತದ ಮಾತು ಎಂದು ವಿನಾರ್ಸಿಗೆ ಅನುಮಾನ ಬಂದು, ಮೂರನೆಯ ದಿನವೇ ನನ್ನಿಂದ ಎಲ್ಲವನ್ನೂ ಹೊರಡಿಸಿದಳು. ನೆಮಕ್ಕ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು, ಮುರಿದವನು ನಾನೇ. ಕ್ರೋಟನ್ ಕುಂಡ ಅಂದಿನಿಂದ ಮನೆಯ ಹಿಂಭಾಗಕ್ಕೆ ವರ್ಗವಾಯಿತು.

ಮಳೆಗಾಲ ಬಂದು ಹೋಯಿತು. ಉಪವಾಸದ ತಿಂಗಳಲ್ಲಿ ಡಾಕ್ಟರನ್ನು ಕೇಳಿ ಬೆಳಗಿನ ಮಾತ್ರೆಗಳನ್ನು ಸೂರ್ಯ ಮುಳುಗಿದ ಮೇಲಕ್ಕೆ ಹಾಕಿಕೊಂಡಾಗ ನೆಮಕ್ಕನೂ ತನ್ನ ಹಾಜರಿಯನ್ನು ಸಂಜೆಗೆ ಬದಲಾಯಿಸಿ, ಉಪವಾಸ ಮುರಿಯುವ ಖರ್ಜೂರವನ್ನು ಕೈಯಲ್ಲೇ ಹಿಡಿದು ಬರುತ್ತಿದ್ದಳು. ವರ್ಷ ತುಂಬಿದಾಗ ಡಾಕ್ಟರು ಪರೀಕ್ಷಿಸಿ, ರಿಂಗ್ ಗಟ್ಟಿಯಾಗಿದೆ, ಗುಲಾಬಿ ಸಾಕು, ಬಿಳಿ ಮಾತ್ರೆ ಜೀವನವಿಡೀ ಎಂದರು. ಕೆರೊಕ್ ಬಗ್ಗೆ ಈ ಸಲ ನಾನೇ ಕೇಳಿದೆ, ನಿಜವಾಗಿ ಕೇಳಿದೆ. ಡಾಕ್ಟರು ನಿಟ್ಟುಸಿರು ಬಿಟ್ಟು, ಹಗುರವಾಗಿ, ಅಪರೂಪಕ್ಕೆ, ಆಕೆಯ ಕೈಯಲ್ಲಿ ಮಾತ್ರ ಎಂದರು. ಗುಲಾಬಿ ಬಿಟ್ಟು ಹದಿನೈದು ದಿನ ಕಳೆಯಲಿ ಎಂದರು.

ಹದಿನಾರನೆಯ ದಿನ ಬೆಳಿಗ್ಗೆ ನೆಮಕ್ಕ ಗೇಟಿನಲ್ಲಿ ಎಂದಿನಂತೆ ಡೋಲು ಕೇಳಿದಳು. ತೋರಿಸಿ ನುಂಗಿದೆ. ಫೋನು ಕೇಳಲಿಲ್ಲ. ಮಾರುಕಟ್ಟೆಯ ಚೀಲವನ್ನು ಗೇಟಿಗೆ ಸಿಕ್ಕಿಸಿ ಒಳಗೆ ಬಂದು, ವಿನಾರ್ಸಿಯಿಂದ ಚಾಪೆ ಹಾಸಿಸಿದಳು. ಎಣ್ಣೆ ಬಿತ್ತು. ನಾಣ್ಯ ತಣ್ಣಗೆ ಬೆನ್ನಿಗೆ ತಾಗಿ ಒಮ್ಮೆ ಕೆಳಗಿಳಿಯಿತು. ಆಕೆ ಬಗ್ಗಿ ನೋಡಿದ್ದು ಉಸಿರಿನಿಂದ ತಿಳಿಯಿತು. ಗೆರೆ ಎದ್ದಿತೇ ಎಂದು ಕೇಳಿದೆ. ಎದ್ದಿದೆ ಎಂದಳು. ಅದರ ಮೇಲೆ ಅಂಗೈ ಇಟ್ಟು, ಬೆಚ್ಚಗಿದೆ ಎಂದೂ ಹೇಳಿದಳು. ಗಾಳಿಯೋ ರಕ್ತವೋ ಎಂದೆ.

“ಅದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ, ನಾನು ಇನ್ನೂ ನೋಡ್ತಿದ್ದೀನಿ. ನೀವು ಸ್ವಲ್ಪ ಆ ಕಡೆ ಸರೀರಿ ಮೇಷ್ಟ್ರೇ. ಅವತ್ತಿನ ಎಡಗಡೆ ಬಾಕಿ ಇದೆ.”